ಆರ್ವೋನ ತೋಟೆಗಳು

ಉತ್ತರದ ಈ ಹಿಮದ ಸೀಮೆಯಲ್ಲಿ, ನಮ್ಮ ಕಡೆ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣುತ್ತಾರೆ, ಅವರ ಸೌನಾದಲ್ಲಿ ಕೂತು ಮೈ ಬೆವರಿಸಿಕೊಳ್ಳುತ್ತಾರೆ, ಹಿಮ ಗೋರುವ ಸಲಿಕೆಯನ್ನು ಕೇಳದೆಯೇ ಎತ್ತಿಕೊಂಡು ಹೋಗುತ್ತಾರೆ. ಆದರೆ ಒಬ್ಬ ಮದ್ದು, ಗುಂಡು ತುಂಬಿ ಮಾಡಿದ ತೋಟೆಯನ್ನು ಇನ್ನೊಬ್ಬ ತನ್ನ ಕೋವಿಗೆ ಹಾಕುವುದಿಲ್ಲ. ಅಣ್ಣ ತುಂಬಿದ್ದನ್ನು ತಮ್ಮ ಮುಟ್ಟುವುದಿಲ್ಲ. ಕೆನ್ನೆಗೆ ಒತ್ತಿಕೊಂಡು ಸಿಡಿಸುವ ವಸ್ತು ಅದು. ಒಳಗಿರುವುದು ಯಾವ ಮದ್ದು, ಎಷ್ಟು ಮದ್ದು ಎಂಬುದು ತುಂಬಿದ ಕೈಗೆ ಮಾತ್ರ ಗೊತ್ತು. ಹಿತ್ತಾಳೆಯ ಕವಚದ ಬಾಯಿಗೆ ಗುಂಡು ಕೂರಿಸಿದ ಮೇಲೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಹೊಳೆಯುತ್ತವೆ.

ಈ ಕಟ್ಟಳೆಗೆ ಇದ್ದ ಒಂದೇ ವಿನಾಯಿತಿ ಆರ್ವೋ ಕಂಗಾಸ್. ಆರ್ವೋ ತುಂಬಿದ್ದು ಎಂದರೆ ಯಾರೂ ಎರಡು ಸಲ ಯೋಚಿಸುತ್ತಿರಲಿಲ್ಲ. ಅವನು ಒಂದು ಮಾರ್ಚ್‌ನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ನೆಲ ಹೆಪ್ಪುಗಟ್ಟಿದ್ದರಿಂದ ಹೂಳುವುದಕ್ಕೆ ಮೇ ತಿಂಗಳವರೆಗೆ ಕಾಯಬೇಕಾಯಿತು.

ಆ ವರ್ಷ ಅಂಗಡಿಗಳಲ್ಲಿ ತೋಟೆಯಾಗಲಿ, ತೋಟೆ ತುಂಬುವ ಸಾಮಾನಾಗಲಿ ಇರಲಿಲ್ಲ. ಮದ್ದಿಗೆ ಕಿಡಿ ಹಚ್ಚಲು ತೋಟೆಯ ಬುಡಕ್ಕೆ ಕೂರಿಸುವ ಕೇಪು, ಬೇಳೆಕಾಳಿನಷ್ಟು ಚಿಕ್ಕದು, ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ಹಾರ್ಡ್‌ವೇರ್ ಅಂಗಡಿಯ ಹ್ಯೂಗೋ ತೋಟೆ ಸಾಮಾನಿನ ಖಾಲಿ ಹಲಗೆಗಳ ಮೇಲೆ ಹಕ್ಕಿಕಾಳಿನ ಚೀಲಗಳನ್ನು ಜೋಡಿಸಿಬಿಟ್ಟಿದ್ದ. "ಕೇಪು ಬಂತೇನೋ?" ಎಂದು ಕೇಳಿದವರಿಗೆ, "ಬಂತು ಮಾರಾಯ, ನಿನ್ನೆ ಕನಸಲ್ಲಿ ಬಂತು. ನೀನು ಲೇಟು," ಎನ್ನುತ್ತಿದ್ದ. ಎಲ್ಲಾದರೂ ಬಂದರೆ ತಲೆಗೊಂದೇ ಡಬ್ಬಿ, ಅದಕ್ಕೂ ಮೂರು ಪಟ್ಟು ಬೆಲೆ. ಗಂಡಸರು ಹೆಂಡತಿ, ಅತ್ತೆಯರನ್ನು ಕಾರಿನಲ್ಲಿ ಹೇರಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಒಬ್ಬ ತನ್ನ ಸೌನಾ ಒಲೆಯನ್ನೇ ಕೊಟ್ಟು ಮದ್ದಿನ ಡಬ್ಬಿ ತಂದ. ಗುರಿ ಅಭ್ಯಾಸದ ಬಯಲಿನಲ್ಲಿ ಜನ ಬಗ್ಗಿಕೊಂಡು, ಅಣಬೆ ಹುಡುಕುವವರ ಹಾಗೆ ಹುಲ್ಲು ಸರಿಸಿ ಸರಿಸಿ ಖಾಲಿ ಹಿತ್ತಾಳೆ ಆರಿಸುತ್ತಿದ್ದರು. ಚಳಿಗಾಲಕ್ಕೆ ಫ್ರೀಜರ್ ತುಂಬುವುದು ಜಿಂಕೆಯಿಂದಲೇ ಆದ ಮನೆಗಳಲ್ಲಿ ಈ ಕೊರತೆಯ ಮಾತು ನಗೆಯಾಗಿ ಶುರುವಾಗಿ ಸುಮ್ಮನಾಗುವುದರಲ್ಲಿ ಮುಗಿಯುತ್ತಿತ್ತು.

ನಮ್ಮದೂ ಅಂಥದ್ದೇ ಮನೆ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಊರಿಗೆ ಮರಳಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ತಮ್ಮ ವೆಸ್ಲಿ ಮರ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಕೋವಿ ಅಪ್ಪನ ಕಾಲದ್ದು. ಅದಕ್ಕೆ ಹೊಂದುವ ತೋಟೆ ಈಗ ಕಾರ್ಖಾನೆಯಿಂದ ಬರುವುದೇ ಅಪರೂಪ. ಅದೇ ಅಳತೆಯ ಕೋವಿ ಆರ್ವೋನದೂ ಆಗಿತ್ತು.

ಸೆಪ್ಟೆಂಬರಿನಲ್ಲಿ ಆರ್ವೋನ ಹೆಂಡತಿ ಲೆಂಪಿಯಮ್ಮ ತೋಟೆ ಕೊಡತೊಡಗಿದಳು. ದುಡ್ಡು ಮುಟ್ಟುತ್ತಿರಲಿಲ್ಲ. ಬಾಗಿಲಿಗೆ ಬಂದವನು ಯಾವ ಕೋವಿ ಎಂದು ಹೇಳಿದರೆ, ಶೆಡ್ಡಿಗೆ ಹೋಗಿ ಡಬ್ಬಿ ತಂದು ಕೈಗಿಡುತ್ತಿದ್ದಳು. ಆರ್ವೋ ಬೇಕಾದಷ್ಟು ಮಾಡಿಟ್ಟು ಹೋಗಿದ್ದಾನೆ, ಪುಣ್ಯಾತ್ಮ, ಎಂದರು ಜನ. ವೆಸ್ಲಿಯೂ ಒಂದು ಡಬ್ಬಿ ತಂದ. ಅಕ್ಟೋಬರಿನಲ್ಲಿ ಕೋವಿಯ ಗುರಿ ಸರಿಪಡಿಸಲು ಅದನ್ನು ಖರ್ಚು ಮಾಡಿದ. ಕಾಗದದ ಮೇಲೆ ತೂತುಗಳು ಒಂದರ ಮೇಲೊಂದು ಬಿದ್ದಿದ್ದವು. ಮತ್ತೆ ಹೋಗಿ ಇನ್ನೊಂದು ಡಬ್ಬಿ ತಂದ.

ಆಗ ನಾನೊಮ್ಮೆ ಜೊತೆಗೆ ಹೋಗಿದ್ದೆ. ಶೆಡ್ಡಿನ ಬಾಗಿಲು ತೆರೆದಾಗ ಒಳಗಿನ ಹಲಗೆ ಕಾಣಿಸಿತು. ಊರೆಲ್ಲ ಒಯ್ದ ಮೇಲೂ ತುಂಬಿತ್ತು.

"ಎಷ್ಟೊಂದು ಮಾಡಿಟ್ಟಿದ್ದಾರಲ್ಲ ಆರ್ವೋ," ಅಂದೆ.

"ಜನ ಕೇಳ್ತಾರಲ್ಲ, ಮಾಡ್ತಾನೆ," ಎಂದಳು ಲೆಂಪಿಯಮ್ಮ.

ಮುದುಕಿಯ ಮಾತಿನಲ್ಲಿ ಕಾಲ ಹಿಂದುಮುಂದಾಗಿದೆ ಅಂದುಕೊಂಡೆ.

ಬೇಟೆ ಶುರುವಾಗುವುದು ನವೆಂಬರ್ ಹದಿನೈದಕ್ಕೆ. ಅಂದು ನಮ್ಮಲ್ಲಿ ಶಾಲೆಗೂ ರಜೆ. ಹಿಂದಿನ ದಿನ ಬೆಳಿಗ್ಗೆ ನಾನು ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಬೇಯಿಸಿ, ಬಿಸಿಯಿರುವಾಗಲೇ ಲೆಂಪಿಯಮ್ಮನಿಗೆ ಕೊಡೋಣವೆಂದು ಹೋದೆ. ಊರಾಚೆಯ ದೊಡ್ಡ ಸರೋವರದ ಕಡೆಯಿಂದ ಬಂದ ಹಿಮ ರಾತ್ರಿಯೆಲ್ಲ ಬಿದ್ದು ಆಗಷ್ಟೇ ನಿಂತಿತ್ತು. ಹಿಮ ನಿಂತ ಮೇಲೆ ಬರುವ ಮೌನ ನನಗೆ ಇಷ್ಟ. ಅಂಗಳದಲ್ಲಿ ನಿಂತು ಅದನ್ನೇ ಕೇಳುತ್ತಿದ್ದೆ.

ಠಕ್.

ತುಸು ಹೊತ್ತು ಏನಿಲ್ಲ. ಮತ್ತೆ, ಠಕ್.

ಚಿಕ್ಕಂದಿನಿಂದ ಕೇಳಿದ ಸದ್ದು. ಆರ್ವೋ ತೋಟೆ ತುಂಬುವಾಗ ಗುಂಡನ್ನು ಹಿತ್ತಾಳೆಗೆ ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿ ಕೆಳಗಿಳಿಯುತ್ತಿದ್ದದ್ದು ಹೀಗೇ. ಮೂರ್ನಾಲ್ಕು ಸಲ ಒತ್ತಿ, ಒಂದು ಗುಟುಕು ಕಾಫಿ ಕುಡಿದು, ಮತ್ತೆ ಒತ್ತುತ್ತಿದ್ದ. ಈಗಲೂ ಅಲ್ಲಲ್ಲೇ ಬಿಡುವು, ಅಷ್ಟಷ್ಟೇ ಉದ್ದ. ಮನೆಯಿಂದ ಶೆಡ್ಡಿನವರೆಗೆ ಹೊಸ ಹಿಮದ ಮೇಲೆ ಹೆಜ್ಜೆಗಳಿದ್ದವು. ದೊಡ್ಡ ಗಂಡಸಿನ ಬೂಟಿನ ಗುರುತು.

ಕಿಟಕಿಯ ಹತ್ತಿರ ಹೋಗಿ ಇಣುಕಿದೆ.

ಆರ್ವೋನ ಚೌಕಳಿ ಉಣ್ಣೆಯಂಗಿ, ಆರ್ವೋನ ಟೋಪಿ, ಮೇಜಿನ ಕೆಳಗೆ ಆರ್ವೋನ ಬೂಟು. ಅವುಗಳ ಒಳಗೆ ಲೆಂಪಿಯಮ್ಮ. ಕಣ್ಣು ಮುಚ್ಚಿದ್ದಳು. ಕೈ ಮಾತ್ರ ತಾನಾಗಿ ಹೋಗಿ ಹಿತ್ತಾಳೆ ಎತ್ತುತ್ತಿತ್ತು, ಕೂರಿಸುತ್ತಿತ್ತು, ಒತ್ತುತ್ತಿತ್ತು. ಒಂದೂ ತಡವರಿಸಲಿಲ್ಲ. ಪಕ್ಕದಲ್ಲಿ ಕಾಫಿ ಲೋಟ ಇತ್ತು. ಅವಳು ಕಾಫಿ ಕುಡಿಯುವವಳಲ್ಲ.

ಬಾಗಿಲು ತಳ್ಳಿದೆ. ಕಣ್ಣು ತೆರೆದು ನನ್ನನ್ನು ನೋಡಿ, "ಬಾಗಿಲು ಹಾಕು ಮಗಳೇ, ಚಳಿ ಬರುತ್ತೆ," ಅಂದಳು, ಅಡುಗೆಮನೆಯಲ್ಲಿ ಕೂತವಳಂತೆ.

"ಇದನ್ನ ಯಾವಾಗ ಕಲಿತ್ರಿ, ಲೆಂಪಿಯಮ್ಮ?"

"ನಾನೆಲ್ಲಿ ಕಲಿತೆ? ಒಂದು ದಿನವೂ ಅವನು ಮುಟ್ಟೋಕೆ ಬಿಡ್ತಿರಲಿಲ್ಲ. ಪಾತ್ರೆ ತೊಳೀತಾ ಕಿಟಕಿಯಿಂದ ನೋಡ್ತಿದ್ದೆ, ಅಷ್ಟೆ. ಹೋದ ಮೇಲೆ ಮನೆ ಬರೀ ಮೂಕ ಆಗ್ಹೋಯ್ತು. ಆ ಸದ್ದು ಕೇಳೋಣ ಅಂತ ಬಂದು ಕೂತೆ. ಕೂತ್ರೆ ಕೈ ಬರುತ್ತೆ. ನಂದಲ್ಲ, ಅವನದು."

"ಹಾಗಾದ್ರೆ ಊರಿಗೆಲ್ಲ ಕೊಟ್ಟಿದ್ದು?"

"ಆರ್ವೋನ ತೋಟೆ. ಮತ್ತೆ ಯಾರದು?"

ಮೇಜಿನ ಮೇಲೆ ಮದ್ದು ಸುರಿಯುವ ಗಾಜಿನ ಕೊಳವೆ ನಿಂತಿತ್ತು. ನನ್ನ ಕಣ್ಣು ಅದರ ಮೇಲೆ ಹೋದದ್ದು ಓದಿನ ಅಭ್ಯಾಸದಿಂದ ಇರಬೇಕು. ಗಾಜಿನ ಒಳಗೆ ಪದರಗಳಿದ್ದವು. ಕೆಳಗೆ ಬೂದು ಬಣ್ಣದ ಸಣ್ಣ ಕಡ್ಡಿಚೂರುಗಳು. ಮೇಲೆ, ಕುಟ್ಟಿದ ಮೆಣಸಿನಂಥ ಚಪ್ಪಟೆ ಚೂರುಗಳು. ನಡುವೆ ಎರಡೂ ಬೆರೆತ ಒಂದು ಪಟ್ಟಿ.

"ಇದರಲ್ಲಿ ಎರಡು ಥರ ಇದೆ."

"ಹೂಂ. ಕೇಪು ಅವನು ಬೇಕಾದಷ್ಟು ಕೂಡಿಟ್ಟಿದ್ದ, ಮದ್ದಿನ ದೊಡ್ಡ ಡಬ್ಬಿ ಮಾತ್ರ ಮುಗೀತಾ ಬಂತು. ಗೂಡಲ್ಲಿ ಬೇರೆ ಡಬ್ಬಿಗಳಲ್ಲಿ ಚೂರುಪಾರು ಉಳಿದಿತ್ತು. ಆಗಾಗ ತಂದು ಇದಕ್ಕೇ ಸುರೀತೀನಿ. ಈ ತುಟ್ಟಿ ಕಾಲದಲ್ಲಿ ಯಾರಾದ್ರೂ ಚೆಲ್ತಾರಾ?"

ಚಪ್ಪಟೆ ಚೂರು ಪಿಸ್ತೂಲಿನ ಮದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದುಹೋಗುವಂಥದ್ದು. ಅದನ್ನು ಉದ್ದ ಕೋವಿಯ ತೋಟೆಗೆ ಅಷ್ಟೇ ಅಳತೆಯಲ್ಲಿ ತುಂಬಿದರೆ ಗುಂಡು ಮುಂದೆ ಹೋಗುವ ಮೊದಲು ಕೋವಿ ಹಿಂದಕ್ಕೆ ಒಡೆಯುತ್ತದೆ. ಒಡೆಯುವುದು ಹಿಡಿದವನ ಮುಖದ ಮೇಲೆ.

"ಯಾವಾಗಿಂದ ಸುರೀತಿದ್ದೀರಿ?"

"ಎಲೆ ಉದುರಿದ ಮೇಲೆ ಇರಬೇಕು."

"ವೆಸ್ಲಿಗೆ ಕೊಟ್ಟ ಡಬ್ಬಿ ಅದಕ್ಕೆ ಮೊದಲಿನದಾ, ಆಮೇಲಿನದಾ?"

"ಯಾವ ಡಬ್ಬೀಲಿ ಜಾಗ ಖಾಲಿ ಇದೆಯೋ ಅಲ್ಲಿ ತೋಟೆ ಸಿಗಿಸ್ತೀನಮ್ಮಾ. ಹೊಸದು ಹಳೆದು ಅಂತ ಏನಿದೆ? ಆರ್ವೋ ತಪ್ಪು ಮಾಡಲ್ಲ." ಅವಳ ಕೈ ಹಿಡಿಯ ಮೇಲಿಂದ ಏಳಲಿಲ್ಲ. ನಾನು ಗಾಜಿನ ಕೊಳವೆಯನ್ನು ಕಳಚಿಕೊಂಡು ಹೊರಟಾಗಲೂ ತಡೆಯಲಿಲ್ಲ. ಅಂಗಳ ದಾಟುವಾಗ ಹಿಂದಿನಿಂದ ಮತ್ತೆ ಆ ಸದ್ದು ಕೇಳಿತು. ಮದ್ದಿಲ್ಲದ ಹಿತ್ತಾಳೆಯನ್ನೇ ಒತ್ತುತ್ತಿದ್ದಳು.

ವೆಸ್ಲಿ ಟ್ರಕ್ಕಿಗೆ ಸಾಮಾನು ಏರಿಸುತ್ತಿದ್ದ. ಆ ರಾತ್ರಿ ಅವನು ತಂಗಬೇಕಿದ್ದ ಬೇಟೆಯ ಗುಡಿಸಲು ಇದ್ದದ್ದು ಕಂಗಾಸ್ ಹೊಲದ ಹಿಂದಿನ ದೇವದಾರು ಜೌಗಿನಲ್ಲಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಕ್ಕ.

"ಆಹಾ, ಮೇಷ್ಟ್ರಮ್ಮ ಸತ್ತವನ ಉತ್ತರಪತ್ರಿಕೆಯನ್ನೂ ತಿದ್ದೋಕೆ ಹೊರಟ್ರು!"

"ತಮಾಷೆ ಮಾಡಬೇಡ. ತುಂಬಿದ್ದು ಆರ್ವೋ ಅಲ್ಲ."

"ಯಾರಾದ್ರೂ ಆಗಲಿ. ಹೋದ ತಿಂಗಳು ಹೊಡೆದೆನಲ್ಲ, ನನ್ನ ಮೂಗು ಇದ್ದಲ್ಲೇ ಇದೆ. ನೋಡು ಬೇಕಾದ್ರೆ."

"ಅವು ಹಳೇ ಮದ್ದಿನವು."

"ಸರಿ, ಇವನ್ನ ಬಿಟ್ಟು ಏನು ಹಾಕಲಿ? ಹಕ್ಕಿಕಾಳಾ?"

ಗುಂಡು ಕಳಚುವ ಸುತ್ತಿಗೆ ತಂದೆ. ಡಬ್ಬಿಯಿಂದ ಒಂದನ್ನು ತೆಗೆದು, ಸುತ್ತಿಗೆಯೊಳಗೆ ಸಿಗಿಸಿ, ಗ್ಯಾರೇಜಿನ ನೆಲಕ್ಕೆ ಬಡಿದೆ. ಗುಂಡು ಬಿಟ್ಟುಕೊಂಡಿತು. ಬಿಳಿ ತಟ್ಟೆಗೆ ಸುರಿದೆ. ಬರೀ ಕಡ್ಡಿಚೂರು. ಇನ್ನೊಂದು ಬಡಿದೆ. ಅದೂ ಕಡ್ಡಿಚೂರೇ. ತೂಗಿದರೆ ಎರಡರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕಣ್ಣು ಮುಚ್ಚಿ ತುಂಬಿದವಳ ಕೈ ಅಷ್ಟು ಖಚಿತವಾಗಿತ್ತು. ಕೆಟ್ಟದ್ದು ಸಿಕ್ಕಿದ್ದರೂ ನನಗೆ ಅಷ್ಟು ಚಳಿಯಾಗುತ್ತಿರಲಿಲ್ಲ.

ಮೂರನೆಯದಕ್ಕೆ ಕೈ ಹಾಕಿದಾಗ ವೆಸ್ಲಿ ಡಬ್ಬಿ ಕಸಿದುಕೊಂಡ. "ಸಾಕು ಅಕ್ಕಾ! ಎಲ್ಲ ಒಡೆದು ನೋಡಿ, ಎಲ್ಲ ಸರಿಯಿತ್ತು ಅಂತ ಸಂಜೆ ಹೇಳ್ತೀಯಾ? ಆಮೇಲೆ ಚಳಿಗಾಲಕ್ಕೆ ನಿನ್ನ ತಟ್ಟೆಯಲ್ಲಿರೋ ಆ ಮದ್ದು ಬೇಯಿಸಿ ತಿನ್ನೋಣ."

ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ಒಡೆಯಬೇಕು. ಒಡೆದರೆ ಉಳಿಯುವುದಿಲ್ಲ. ಉಳಿಸಿಕೊಂಡರೆ ತಿಳಿಯುವುದಿಲ್ಲ. ಟ್ರಕ್ಕು ಹೊರಟು ಹೋದ ಮೇಲೆ ಲೆಂಪಿಯಮ್ಮನಿಂದ ಡಬ್ಬಿ ಒಯ್ದವರಿಗೆಲ್ಲ ಫೋನ್ ಮಾಡಿದೆ. ಇಬ್ಬರು ಆ ತೋಟೆಗಳನ್ನು ಬದಿಗಿಡುತ್ತೇವೆಂದು ಆಣೆಯಿಟ್ಟರು. ಉಳಿದವರು ಎಳೆದು ಎಳೆದು ಮಾತಾಡಿದರು. ಹ್ಯೂಗೋ ಮಾತ್ರ ನೇರವಾಗಿ ಹೇಳಿದ: "ಬೇರೆ ಕೊಡು, ಈಗಲೇ ಎಸೀತೀನಿ. ಇಲ್ಲಾಂದ್ರೆ ನನ್ನನ್ನ ಹೆದರಿಸಬೇಡ ಕಣಮ್ಮ. ಗೊತ್ತಿಲ್ಲದೆ ಹೊಡೆದಾಗ ಇಷ್ಟು ದಿನ ಏನೂ ಆಗಲಿಲ್ಲ."

ಮರುದಿನ ಬೆಳಕು ಹರಿಯುವಾಗ ನಾನು ಲೆಂಪಿಯಮ್ಮನ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಜೌಗು ಅಲ್ಲಿಂದ ಹತ್ತಿರ, ವೆಸ್ಲಿಯ ಟ್ರಕ್ಕೂ ಅವಳ ಅಂಗಳದಲ್ಲೇ ನಿಂತಿತ್ತು. ಅವಳೂ ಬಂದು, ಆರ್ವೋನ ಅಂಗಿ ಹೊದ್ದು ಪಕ್ಕದಲ್ಲಿ ಕೂತಳು. ಗಾಳಿ ಇರಲಿಲ್ಲ. ದೂರದ ಗುಡ್ಡದಿಂದ ಮೊದಲ ಗುಂಡಿನ ಸದ್ದು ಬಂತು. ಅವಳು ತಲೆ ಓರೆ ಮಾಡಿ ಕೇಳಿದಳು.

"ನಮ್ಮನೇದು," ಅಂದಳು.

ಇನ್ನೊಂದು ಕಡೆಯಿಂದ ಇನ್ನೊಂದು.

"ಅದಲ್ಲ. ಅದು ಅಂಗಡೀದು." ಮತ್ತೊಂದು. "ಹಾಂ, ಅದು ನಮ್ಮದು."

ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತಿದ್ದವು. ಪ್ರತಿ ಸಲವೂ ನಾನು ಕಾಯುತ್ತಿದ್ದದ್ದು ಸದ್ದಿಗಲ್ಲ, ಸದ್ದಿನ ನಂತರ ಯಾರಾದರೂ ಕೂಗುತ್ತಾರೋ ಎಂದು. ಜೌಗಿನ ಕಡೆಯಿಂದ ಮಾತ್ರ ಏನೂ ಬರಲಿಲ್ಲ. ಬಿಸಿಲು ಮರಗಳ ತುದಿ ಮುಟ್ಟಿತು. ಏನೂ ಬರಲಿಲ್ಲ.

"ಅಲ್ಲಿ ಅವನೇ ಇದ್ದಾನಲ್ಲ, ಹೆದರಬೇಡ," ಎಂದಳು ಲೆಂಪಿಯಮ್ಮ. ಅವಳ ಕೈ ಆರ್ವೋನ ಅಂಗಿಯ ತೋಳನ್ನು ಸವರುತ್ತಿತ್ತು.

ಬಹಳ ಹೊತ್ತಿನ ಮೇಲೆ ವೆಸ್ಲಿ ಮರಗಳ ನಡುವಿನಿಂದ ಹೊರಬಂದ. ಕೋವಿಯನ್ನು ಮೈಯಿಂದ ದೂರ, ಬೇರೆಯವರದನ್ನು ಹೊತ್ತು ತರುವವನ ಹಾಗೆ ಹಿಡಿದಿದ್ದ. ಕೈಗವಸು ಹಾಕಿರಲಿಲ್ಲ. ನಮ್ಮ ಮುಂದೆ ನಿಂತು, ಲೆಂಪಿಯಮ್ಮನ ಮೈಮೇಲಿನ ಅಂಗಿಯನ್ನು ನೋಡಿ, ಒಂದು ಹೆಜ್ಜೆ ಹಿಂದೆ ಸರಿದ.

"ಹೊಡೆದ್ಯಾ?" ಕೇಳಿದೆ.

"ಇಲ್ಲ." ಮೆಟ್ಟಿಲ ಮೇಲೆ ಕೂತುಕೊಂಡ. "ಒಳ್ಳೇ ಗಂಡು ಜಿಂಕೆ ಅಕ್ಕಾ. ಎದುರಿಗೇ ಬಂದು ನಿಂತ್ಕೊಂತು. ಗುರಿ ಹಿಡಿದೆ. ಅದು ನನ್ನ ಕಡೆ ನೋಡ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡ್ತಿತ್ತು. ನನ್ನ ಬೆನ್ನ ಹಿಂದೆ ಯಾರೋ ನಿಂತಿರೋ ಹಾಗೆ. ಕಿವಿ ಅಲ್ಲಾಡಿಸದೆ, ಬಾಲ ಎತ್ತದೆ, ಸುಮ್ಮನೆ ನೋಡ್ತಿತ್ತು. ನಾನು ತಿರುಗಿದೆ."

"ಯಾರು?"

"ಯಾರೂ ಇಲ್ಲ. ಹಿಮದ ಮೇಲೆ ನನ್ನ ಹೆಜ್ಜೆ ಮಾತ್ರ ಇತ್ತು. ಮತ್ತೆ ಈ ಕಡೆ ತಿರುಗಿದ್ರೆ ಅದೂ ಇಲ್ಲ."

ಕೋವಿಯೊಳಗಿಂದ ತೆಗೆದಿದ್ದ ತೋಟೆಯೊಂದನ್ನು ಜೇಬಿನಿಂದ ಹೊರತೆಗೆದು ನನ್ನ ಅಂಗೈಯಲ್ಲಿಟ್ಟ. ಬಿಸಿಯಾಗಿತ್ತು, ಅವನ ಮೈಯ ಬಿಸಿ. ನಾವು ಶೆಡ್ಡಿಗೆ ಹೋದೆವು. ಈ ಸಲ ಆರ್ವೋನ ಸುತ್ತಿಗೆಯಿಂದ ಬಡಿದವನು ವೆಸ್ಲಿಯೇ. ಆರ್ವೋನ ಮೇಜಿನ ಮೇಲಿದ್ದ ಹಳೆ ಪಿಂಗಾಣಿ ತಟ್ಟೆಗೆ ಸುರಿದ. ಮೊದಲು ಬಿದ್ದದ್ದು ಕೆಲವೇ ಕಡ್ಡಿಚೂರು. ಆಮೇಲೆ ಬಿದ್ದದ್ದೆಲ್ಲ ಚಪ್ಪಟೆ.

ವೆಸ್ಲಿ ಒಂದು ಬೆರಳಿನಿಂದ ಅದನ್ನು ಹರಡಿ ನೋಡಿದ. ಕೆನ್ನೆಯನ್ನು, ಕೋವಿಯ ಹಿಡಿ ತಾಗುವ ಜಾಗವನ್ನು, ಮೆಲ್ಲಗೆ ಮುಟ್ಟಿಕೊಂಡ. ಲೆಂಪಿಯಮ್ಮ ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯನ್ನು ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಅವಳ ಕೈಗಳು ಅಂಗಿಯ ಉದ್ದ ತೋಳಿನೊಳಗೆ ಹಿಂದಕ್ಕೆ ಹೋದವು.

"ಅವನು ತಪ್ಪು ಮಾಡ್ತಿರಲಿಲ್ಲ," ಅಂದಳು, ಬಹಳ ಸಣ್ಣ ದನಿಯಲ್ಲಿ. ಆ ಮನೆಯಲ್ಲಿ ಅವನ ಬಗ್ಗೆ ಅವಳು ಹಾಗೆ, ಮುಗಿದವನಂತೆ, ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹೊರಗೆ, ಹ್ಯೂಗೋ ಬೇಟೆಗೆ ಕೂರುವ ದಿಬ್ಬದ ಕಡೆಯಿಂದ ಗುಂಡಿನ ಸದ್ದು ಬಂತು. ನಾನು ಲೆಂಪಿಯಮ್ಮನ ಕಡೆ ನೋಡಿದೆ. ಅದು ಯಾರದು ಎಂದು ಅವಳು ಹೇಳಲಿಲ್ಲ. ವೆಸ್ಲಿ ಆಗಲೇ ಟ್ರಕ್ಕಿನ ಕಡೆ ಓಡುತ್ತಿದ್ದ.