ಬ್ರೇಕ್ ಒತ್ತಿದ್ದು ಯಾರು?

ನಮ್ಮ ಬೀದಿಯ ಬಸ್ ಡ್ರೈವರ್ ಅಣ್ಣ ರಜೆ ಹಾಕಿ ಮನೆಯಲ್ಲಿ ಕೂತಾಗ, ಮೈಗೆ ಹುಷಾರಿಲ್ಲ ಅಂತಲೇ ಬೀದಿಯವರು ತಿಳಿದಿದ್ದರು. ಮೈಗೇನೂ ಆಗಿರಲಿಲ್ಲ. ಒಂದು ಸಂಜೆ ಮಾರ್ಕೆಟ್ ತಿರುವಿನಲ್ಲಿ ಸೈಕಲ್ ಮೇಲಿದ್ದ ಮುದುಕರೊಬ್ಬರು ಬಸ್ಸಿಗೆ ಅಡ್ಡ ಬಂದಿದ್ದರು. ಬಸ್ಸು ಗಕ್ಕನೆ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮುದುಕರು ಬೈದುಕೊಂಡು ಹೊರಟುಹೋದರು.

ಅಲ್ಲಿಂದಾಚೆ ಸ್ಟೇರಿಂಗ್ ಹಿಡಿದರೆ ಸಾಕು, ಅಣ್ಣನ ಎದೆ ಡವಡವ, ಅಂಗೈ ಒದ್ದೆ. ‘ಇವತ್ತು ನನ್ನ ಕೈಯಲ್ಲಿ ಒಂದು ಜೀವ ಹೋಗೋದು ಖಂಡಿತ’ ಅನ್ನುವುದೊಂದೇ ತಲೆಯಲ್ಲಿ.

ಹೆಂಡತಿ ಧೈರ್ಯ ಹೇಳಿದಳು, ರೇಗಿದಳು, ಯಾವುದೂ ನಾಟಲಿಲ್ಲ. ಪಕ್ಕದ ಮನೆಯ ಅಕ್ಕ ಆಸ್ಪತ್ರೆಯಲ್ಲಿ ಆಪ್ತ ಸಲಹೆಗಾರ್ತಿ. ಒಮ್ಮೆ ಕರೆದುಕೊಂಡು ಬಾ ಅಂದರು. ಹೆಂಡತಿಗೆ ಅನುಮಾನ.

“ನಮ್ಮವರಿಗೇನು ತಲೆ ಕೆಟ್ಟಿದೆಯಾ ಅಕ್ಕ? ಮಾತಿಗೆ ಭಯ ಹೋಗೋದಾಗಿದ್ರೆ, ನಾನು ಆಡಿದ ಮಾತಿಗೇ ಅದು ಊರು ಬಿಡಬೇಕಿತ್ತು.”

ಅಕ್ಕ ನಕ್ಕರು. ನಾವು ಧೈರ್ಯ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇವೆ ಅಂದರು.

ಕೊನೆಗೆ ಹೆಂಡತಿ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ದಳು. ಮಾರ್ಕೆಟ್ ತಿರುವಿನಲ್ಲಿ ಆ ಸಂಜೆ ನಡೆದದ್ದನ್ನೆಲ್ಲ ಅಣ್ಣನಿಂದ ನಿಧಾನವಾಗಿ ಹೇಳಿಸಿ, ಅಕ್ಕ ಕೇಳಿದರು: “ಬಸ್ಸು ತಾನಾಗೇ ನಿಂತಿತಾ?”

“ಇಲ್ಲ. ನಾನೇ ಬ್ರೇಕ್ ಒತ್ತಿದೆ.”

“ಹಾಗಾದ್ರೆ ಅವತ್ತು ನಿಮ್ಮಿಂದ ಜೀವ ಹೋಯ್ತೋ, ಉಳೀತೋ?”

ಅಣ್ಣನ ಕಣ್ಣು ತುಂಬಿ ಬಂತು. ಹೀಗೂ ನೋಡಬಹುದು ಅಂತ ಹೊಳೆದೇ ಇರಲಿಲ್ಲ.

ಅಕ್ಕ ಬಿಡಿಸಿ ಹೇಳಿದರು. ನಡೆದ ಸಂಗತಿ ಬೇರೆ, ಅದರ ಬಗ್ಗೆ ಮನಸ್ಸು ಆಡುವ ಮಾತು ಬೇರೆ. ಎದೆ ಬಡಿದುಕೊಳ್ಳುವುದು ಆ ಮಾತಿಗೆ. ಅದನ್ನು ಕಣ್ಣುಮುಚ್ಚಿ ನಂಬದೆ, ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಬೇಕು.

ಆ ಪರೀಕ್ಷೆಗೆಂದು ಅಣ್ಣ ಮೊದಲು, ನಿಂತಿದ್ದ ಬಸ್ಸಿನಲ್ಲಿ ಸುಮ್ಮನೆ ಕೂತರು. ಆಮೇಲೆ ಡಿಪೋ ಒಳಗೇ ಖಾಲಿ ಬಸ್ಸು ಓಡಿಸಿದರು. ಎದೆ ಬಡಿಯಿತು, ಬಸ್ಸು ಮಾತ್ರ ನೆಟ್ಟಗೇ ಹೋಯಿತು. ಒಂದು ದಿನ ಅರ್ಧಕ್ಕೇ ಬಸ್ಸು ನಿಲ್ಲಿಸಿ ಇಳಿದು ಬಂದರು. ಅಕ್ಕ ಬೇಸರಪಡಲಿಲ್ಲ, ಆಗ ಮನಸ್ಸು ಏನು ಹೇಳಿತು ಅಂತ ಮತ್ತೆ ಕೇಳಿದರು.

ಕೆಲಸಕ್ಕೆ ಮರಳಿದ ದಿನ ಹೆಂಡತಿಯೂ ಟಿಕೆಟ್ ತಗೊಂಡು ಬಸ್ಸು ಹತ್ತಿದಳು. ಕೊನೆಯ ಸ್ಟಾಪಿನಲ್ಲಿ, ಭಯ ಆಯಿತಾ ಅಂತ ಕೇಳಿದಳು.

“ಅದೂ ಬಸ್ಸು ಹತ್ತಿತ್ತು,” ಅಂದರು ಅಣ್ಣ. “ನಡುವೆ ಎಲ್ಲೋ ಇಳಿದುಹೋಯ್ತು.”

ಈಗ ನೆಂಟರಲ್ಲಿ ಯಾರಾದರೂ ಮಂಕಾಗಿ ಕೂತರೆ, ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೆದರಿ ಕೂತಿದ್ದಾರೆಯೇ? ಹೀಯಾಳಿಸಬೇಡಿ, ಮುಚ್ಚಿಡಬೇಡಿ. ಜ್ವರಕ್ಕೆ ಹೋಗುವಂತೆ ಇದಕ್ಕೂ ಆಸ್ಪತ್ರೆಗೆ ಹೋಗಿ. ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ನೀವೂ ನಡೆಯಿರಿ.