ಧೋತರದ ನೆರಳಿನಲ್ಲಿ ಉಳಿದೆವು

“ಒಳಗ ಯಾರದೀರಿ? ನನ್ನ ಗೋಧಿ ಬೇರು ತಿನ್ನೋರು ಯಾರು?”

ಶಿವಲೀಲಾ ಹಾಗೆ ಕೇಳಿದಾಗ ಹೊಲದಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವಳ ಕೈಯಲ್ಲಿ ಹಳದಿಯಾದ ಗೋಧಿಯ ಸಸಿ. ಅದರ ಬೇರು ಸುಟ್ಟ ಬತ್ತಿಯಂತೆ ಕಪ್ಪಾಗಿತ್ತು. ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆ: ತಾಯಿ, ತಿನ್ನುವುದು ಬೂಷ್ಟು, ಕಾಯುವ ನಾವೂ ಇದ್ದೇವೆ, ಆದರೆ ತೀರ ಕಡಿಮೆ.

ನಾನು ಮಣ್ಣಿನ ಒಂದು ಸೂಕ್ಷ್ಮಜೀವಿ. ನಮ್ಮಲ್ಲಿ ತಾಯಿ ಹೆರುವುದಿಲ್ಲ, ತಾನೇ ಎರಡಾಗುತ್ತಾಳೆ. ಹಾಗಾಗಿ ತೊಟ್ಟಿಲೂ ಇಲ್ಲ, ಸೂತಕವೂ ಇಲ್ಲ. ಅದೇ ಹೊಲದ ಮೂಲೆಯಲ್ಲಿ, ಹಸಿರಾಗಿ ನಿಂತಿದ್ದ ನಾಲ್ಕಾರು ಗಿಡಗಳ ಬೇರಿಗೆ ಅಂಟಿಕೊಂಡು ಹುಟ್ಟಿದೆ. ಬೇರು ಒಸರುವ ಸಿಹಿಯೇ ನಮ್ಮ ಊಟ. ಆ ಋಣಕ್ಕೆ ಬೂಷ್ಟನ್ನು ಹತ್ತಿರ ಬಿಡದೆ ಕಾಯುತ್ತೇವೆ.

ಆ ಗೋಧಿ ಪೇಟೆಯದಲ್ಲ. ಶಿವಲೀಲಾಳ ಅತ್ತೆ ಮದುವೆಯಾಗಿ ಬರುವಾಗ ತವರಿನವರು ಉಡಿ ತುಂಬಿದ್ದ, ಹುಗ್ಗಿಗೆ ಹೆಸರಾದ ಜವೆಗೋಧಿಯ ತಳಿ. ಅತ್ತೆ ತೀರಿಕೊಂಡಿದ್ದರು. ಈ ಬೀಜ ಹೋದರೆ ಮತ್ತೆ ಕೇಳಿ ತರಲು ಬೇರೆ ಮನೆಯಿರಲಿಲ್ಲ.

ಕೃಷಿ ಕೇಂದ್ರದ ಮೇಡಂ ಬಂದು ಆ ಮೂಲೆಯ ಬೇರನ್ನು ಮಣ್ಣು ಸಹಿತ ಒಯ್ದರು. ಗಾಜಿನ ಕೊಳವೆಯಲ್ಲಿ ನನ್ನನ್ನು ಸಾಕಿದರು. ಅಲ್ಲಿ ಉಣ್ಣಲು ಕೊರತೆಯಿರಲಿಲ್ಲ. ಬೇರಿನ ವಾಸನೆ ಮಾತ್ರ ಇರಲಿಲ್ಲ. ಮುಂದಿನ ಹಿಂಗಾರಿಗೆ ಬಿಳಿ ಪುಡಿಯಲ್ಲಿ ಬೆರೆಸಿ, ಪೊಟ್ಟಣ ಕಟ್ಟಿ ಅವಳ ಕೈಗಿಟ್ಟರು.

“ಬೆಲ್ಲದ ನೀರಿನಾಗ ಕಲಸಿ ಬೀಜಕ್ಕ ಹಚ್ಚರಿ. ನೆರಳಾಗ ಆರಬೇಕು. ಬಿಸಿಲಿಗೆ ಇವು ಸಾಯ್ತಾವ.”

ಕೂಸಿಗೆ ಎಣ್ಣೆ ಹಚ್ಚುವಂತೆ ಶಿವಲೀಲಾ ಕಾಳಿಗೆ ನನ್ನನ್ನು ಹಚ್ಚಿದಳು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಹರವಿ ನೀರಿಗೆ ಹೋದಳು.

ಆಗ ಅವಳ ಮಾವ ಚನ್ನಮಲ್ಲಪ್ಪ ಎದ್ದರು. ಬಿತ್ತುವ ಮುನ್ನ ಬೀಜಕ್ಕೆ ಸೂರ್ಯನನ್ನು ತೋರಿಸುವುದು ಆ ಮನೆಯ ವಾಡಿಕೆ. ಮೊದಲೆಲ್ಲ ಅದನ್ನು ಅವರ ಹೆಂಡತಿಯೇ ಮಾಡುತ್ತಿದ್ದರು. ಮುದುಕ ಕಂಬಳಿಯನ್ನು ಅಂಗಳಕ್ಕೆ ಎಳೆದು, ಕೈಮುಗಿದು, ಗುಬ್ಬಿ ಕಾಯುತ್ತ ಅದರ ಅಂಚಿನಲ್ಲೇ ಕುಳಿತು ಹಾಡತೊಡಗಿದರು. ಎಂಥ ಇಂಪಾದ ದನಿ! ಆ ಹಾಡು ಕೇಳುತ್ತ ಕೇಳುತ್ತ ನನ್ನ ಬಳಗ ಬಿಸಿಲಿಗೆ ಸುರುಟಿ ಸತ್ತಿತು. ಅವರ ಧೋತರದಡಿ ಸಿಕ್ಕ ಕಾಳುಗಳ ಮೇಲೆ ಮಾತ್ರ ನಾವು ಉಳಿದೆವು.

“ಮಾವಾರ! ನೆರಳಾಗ ಹಾಕಿದ್ದೆ ಅಲ್ರೀ!”

“ನಿಮ್ಮ ಮೇಡಮ್ಮಾರು ಹುಟ್ಟೂಕಿಂತ ಮೊದಲಿನ ಪದ್ಧತಿ ಇದು. ಸೂರ್ಯಾಗ ಹೇಳಲಾರದ ಬಿತ್ತತೀ ಏನ?” ಎಂದು ಅವರು ನಕ್ಕರು. ಅವಳು ನಗಲಿಲ್ಲ. ಪುಡಿ ಮುಗಿದಿತ್ತು.

ಪೈರು ಎದ್ದಿತು, ಹಳದಿಯಾಯಿತು, ಒರಗಿತು. ಧೋತರದ ನೆರಳು ಕಂಡ ಕಾಳುಗಳಷ್ಟೇ ಬಿಳಿ ಬೇರು ಬಿಟ್ಟು ತೆನೆ ಕಟ್ಟಿದವು. ಬೇರಿನ ಮಣ್ಣನ್ನೂ ಮುಂದಿನ ಬಿತ್ತನೆಗೆ ಉಳಿಸಿಕೊಳ್ಳಲು ಮೇಡಂ ಹೇಳಿದ್ದರು. ಹಾಗಾಗಿ ಶಿವಲೀಲಾ ಅವನ್ನು ಹೆಂಟೆ ಸಹಿತ ಕಿತ್ತು, ಒಂದೇ ಸೂಡು ಕಟ್ಟಿ, ಪಡಸಾಲೆಯ ತೊಲೆಗೆ ತೂಗುಹಾಕಿದಳು. ಆ ತಳಿಯ ಬೀಜವೆಂದು ಉಳಿದದ್ದು ಅಷ್ಟೇ.

ಆ ಒಣ ಹೆಂಟೆಯೊಳಗೆ ಈಗ ನಾನು ಉಸಿರು ಹಿಡಿದು ಕುಳಿತಿದ್ದೇನೆ. ಮುದಿಯಾಗಿದ್ದೇನೆ. ನನ್ನ ಕೆಳಗೇ ಚನ್ನಮಲ್ಲಪ್ಪನವರ ಹಾಸಿಗೆ. ಹಾಡು ನಿಂತಿದೆ, ಗಂಜಿಯೂ ಗಂಟಲಲ್ಲಿ ಇಳಿಯುತ್ತಿಲ್ಲ. ನಮ್ಮನ್ನು ಬಿಸಿಲಿಗೆಳೆದ ಕೈಯೂ ಅವರದು, ಉಳಿಸಿದ ನೆರಳೂ ಅವರದು. ನಾನು ಯಾರ ಮೇಲೆ ಸಿಟ್ಟಾಗಲಿ?

ಇಂದು ಅವರು ಸೂಡನ್ನೇ ನೋಡುತ್ತ ಸೊಸೆಯನ್ನು ಕರೆದರು.

“ಲೀಲಾ, ಅಕಿ ಉಡಿಯಾಗ ತಂದ ಗೋಧಿ ಅದು. ಹುಗ್ಗಿ ಮಾಡಿ ಒಂದು ತುತ್ತು ಬಾಯಾಗ ಇಡವ್ವಾ. ಮತ್ತೇನೂ ಬ್ಯಾಡ ನನಗ.”

ಮಾವನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ತಲೆಯೆತ್ತಿ ಸೂಡನ್ನು ನೋಡಿದಳು. ಬಾಗಿ ಅವರ ಎರಡೂ ಪಾದ ಹಿಡಿದಳು.

“ಬ್ಯಾರೆ ಏನರ ಕೇಳ್ರಿ ಮಾವಾರ. ಇದನ್ನ ನಾ ಒಲಿ ಮ್ಯಾಲ ಇಡೂದಿಲ್ಲ.”