ನದಿ ಮುಗಿಯುವ ಜಾಗ

"ಒಂದು ಹೆಜ್ಜೆ ಹಿಂದೆ ಬನ್ನಿ ರೀ. ಅಲ್ಲಿ ನದಿ ಬರುತ್ತೆ," ಎಂದಳು ಹೆಂಡತಿ.

ನಕ್ಷೆಗಾರ ನಗುತ್ತಲೇ ಹಿಂದೆ ಸರಿದ. ಮೋಡದ ಚೂರೂ ಇಲ್ಲದ ಆಕಾಶ; ಕಣ್ಣು ಹಾಯಿಸಿದಷ್ಟೂ ಬಿರುಕು ಬಿಟ್ಟ ಒಣ ಬಯಲು. ಇಲ್ಲಿಗೆ ನದಿ ಬರುತ್ತದೆಂದರೆ ಯಾರು ತಾನೇ ನಂಬುತ್ತಾರೆ?

ಅವಳು ಸರ್ವೇಯರ್. ವರ್ಷವಿಡೀ ಈ ಎತ್ತರದ ಬಯಲನ್ನು ಅಳೆದು, ನದಿಯ ಗೆರೆಯನ್ನು ನಟ್ಟನಡುವೆ ನಿಲ್ಲಿಸಿ ಕಚೇರಿಗೆ ಕಳಿಸಿದ್ದಳು. ಅಲ್ಲಿ ನಕ್ಷೆ ಬರೆಯುವ ಗಂಡ, ಪಾಪ, ದಣಿದು ಅರ್ಧಕ್ಕೆ ಬಿಟ್ಟಳೇನೋ ಎಂದುಕೊಂಡು, ಪ್ರೀತಿಯಿಂದಲೇ ಅದನ್ನು ಕೆಳಗಿನ ದೊಡ್ಡ ಹೊಳೆಗೆ ಸೇರಿಸಿಬಿಟ್ಟಿದ್ದ. ಹಾಗೆ ಸೇರಿಸಿದ ಗೆರೆಯನ್ನು ನಂಬಿ ಈಗ ಅದರ ದಡದಲ್ಲಿ ಒಂದು ಊರು ಕಟ್ಟುವ ಮಾತು ನಡೆದಿತ್ತು. ಬರುವ ಸಂಸಾರಗಳಿಗೆಲ್ಲ ಕುಡಿಯಲು ಆ ನದಿಯ ನೀರೇ. ನಾಳೆ ನಕ್ಷೆ ಅಚ್ಚಿಗೆ ಹೋಗಬೇಕು. ಸೇರಿಸಿದ ಗೆರೆ ಅಳಿಸಿ ಎಂದು ಅವಳು ಹೇಳಿದರೆ, ಎಲ್ಲೂ ಸೇರದ ನದಿಯೂ ಉಂಟೇ ಎಂದು ಅವನು ನಗೆಯಾಡಿದ್ದ. ನನ್ನ ಮಾತಿಗೆ ಇಷ್ಟೇ ಬೆಲೆಯೇ ಎಂದು ಅವಳು ಮುಖ ಊದಿಸಿಕೊಂಡಿದ್ದಳು. ದೂರದ ಬೆಟ್ಟದಲ್ಲಿ ಮಳೆಯಾಯಿತೆಂದು ಕೇಳಿದ್ದೇ ತಡ, ಅವನನ್ನು ಜೀಪು ಹತ್ತಿಸಿಕೊಂಡು ಬಂದಿದ್ದಳು.

ಮೊದಲು ಬಂದದ್ದು ಹುಳಗಳು. ಇರುವೆ, ಜೇಡ, ಜೀರುಂಡೆ, ಎಲ್ಲವೂ ಗುಳೆ ಹೊರಟಂತೆ ಅವನ ಬೂಟು ಹತ್ತಿ ದಾಟಿಹೋದವು. ಹಿಂದೆಯೇ ನೀರು. ಸದ್ದಿಲ್ಲ, ಪಾದ ಮುಚ್ಚುವಷ್ಟೂ ಆಳವಿಲ್ಲ. ಮುಂದೆ ನೊರೆ, ಕಸಕಡ್ಡಿ. ಚಪ್ಪಟೆಯೆಂದು ಅವನು ತಿಳಿದಿದ್ದ ನೆಲದ ಏರಿಳಿತವನ್ನೆಲ್ಲ ತಡವುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅನುಮಾನಿಸುತ್ತ, ಬಯಲಗಲ ಹರಡಿಕೊಂಡು ಬಂತು. ಇಡೀ ಆಕಾಶ ಅದರಲ್ಲಿ ಕಾಣುತ್ತಿತ್ತು. ಇಷ್ಟು ವರ್ಷ ನೀಲಿ ಶಾಯಿಯಲ್ಲಿ ಎಳೆದದ್ದು ಇದನ್ನೇ ಎಂದು ಅವನು ನೆನೆದ.

ಬರಬರುತ್ತ ನೀರು ನಿಧಾನವಾಯಿತು. ಬಿರುಕುಗಳಲ್ಲಿ ಗುಳ್ಳೆಗಳೆದ್ದವು; ನೆಲ ಗುಟುಕರಿಸುವ ಸದ್ದು ಕೇಳಿಸಿತು. ಅವನ ಕಾಲಿನಿಂದ ಒಂದು ಮೊಳ ದೂರದಲ್ಲಿ ನೊರೆ ನಿಂತಿತು.

"ಇಷ್ಟೇನಾ?"

"ಇಷ್ಟೇ ರೀ. ಇಲ್ಲಿಂದಾಚೆ ನೀರು ಹರಿದ ಗುರುತೇ ಇಲ್ಲ." ಅವಳ ದನಿಯಲ್ಲಿ ಗೆದ್ದ ಬಿಂಕವಿರಲಿಲ್ಲ.

"ಅಳಿಸ್ತೀನಿ ಬಿಡು," ಎಂದ. ಆದರೂ ಮನಸ್ಸು ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು, ನೊರೆಯ ಅಂಚಿನಿಂದ ತನ್ನ ಕಡೆಗೆ ಬೆರಳಿನಲ್ಲಿ ಒಂದು ಗೀರು ಎಳೆದ.

"ಬಾ, ಇನ್ನೊಂಚೂರು ಬಾ."

ನೀರು ಗೀರಿನೊಳಕ್ಕೆ ಬಂತು. ಅವಳೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಅರ್ಧದವರೆಗೆ ಬಂದು, ಒಮ್ಮೆ ಮಿನುಗಿ, ಅದು ನೆಲಕ್ಕಿಳಿಯಿತು.